ಕೋಡಿ, ಬೆಂಗ್ರೆ, ಅಳಿವೆ: ಕಡಲು–ಹೊಳೆಗಳ ನಡುವಣ ವಸತಿ ಮತ್ತು ಅದರ ನುಡಿ

ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಅರಬ್ಬೀ ಸಮುದ್ರವನ್ನು ಸೇರುವ ಕರಾವಳಿಯ ಹೊಳೆಗಳಲ್ಲಿ ಹಲವು ನೇರವಾಗಿ ಕಡಲಿಗೆ ಬೀಳುವುದಿಲ್ಲ. ಕಡಲಿನ ಮೊರೆತ ಕೇಳುವಷ್ಟು ಹತ್ತಿರ ಬಂದ ಮೇಲೆ ಅವು ಎಡಕ್ಕೋ ಬಲಕ್ಕೋ ತಿರುಗಿ, ತೀರಕ್ಕೆ ಸಮಾನಾಂತರವಾಗಿ ಕೆಲವು ಕಿಲೋಮೀಟರು ಹರಿದು, ಬಳಿಕ ಇಕ್ಕಟ್ಟಾದ ಒಂದು ಬಾಯಿಯ ಮೂಲಕ ಸಮುದ್ರವನ್ನು ಕೂಡುತ್ತವೆ. ಹೀಗೆ ಹೊಳೆಯೂ ಕಡಲೂ ಜೊತೆಯಾಗಿ ಸಾಗುವಲ್ಲಿ ಅವೆರಡರ ನಡುವೆ ಮರಳಿನ ನೀಳವಾದ ಪಟ್ಟಿಯೊಂದು ಉಳಿಯುತ್ತದೆ. ಮರವಂತೆಯಲ್ಲಿ ಸೌಪರ್ಣಿಕೆಗೂ ಕಡಲಿಗೂ ನಡುವೆ ರಾಷ್ಟ್ರೀಯ ಹೆದ್ದಾರಿ ಹಾದುಹೋಗುವ ಸ್ಥಳ ಪ್ರವಾಸಿಗಳೆಲ್ಲರಿಗೂ ಪರಿಚಿತ. ಉಡುಪಿ ಬಳಿಯ ಕೋಡಿಬೆಂಗ್ರೆ ಸುವರ್ಣಾ ನದಿಗೂ ಕಡಲಿಗೂ ನಡುವಿನದು. ಮಲ್ಪೆಯ ತೆಂಕಣ ಪಡುಕರೆ ಉದ್ಯಾವರ ಹೊಳೆಗೂ ಕಡಲಿಗೂ ನಡುವಿನದು. ಮಂಗಳೂರಿನ ಬೆಂಗ್ರೆಯ ಮೂಡಣ ಬದಿಯಲ್ಲಿ ಗುರುಪುರ ನದಿ ಹರಿಯುತ್ತದೆ. ಶಾಂಭವಿ ಮತ್ತು ನಂದಿನಿ ಒಂದಾಗುವ ಸಸಿಹಿತ್ಲು, ಪಂಚಗಂಗಾವಳಿಯ ಬಾಯಿಯ ಇಕ್ಕೆಲದ ಗಂಗೊಳ್ಳಿ ಮತ್ತು ಕುಂದಾಪುರದ ಕೋಡಿ ಇದೇ ವರ್ಗಕ್ಕೆ ಸೇರುತ್ತವೆ.

ಈ ಪಟ್ಟಿಗಳ ಅಗಲ ಕೆಲವೆಡೆ ನೂರಿನ್ನೂರು ಮೀಟರನ್ನು ಮೀರದು. ಆದರೂ ಇವು ಜನವಸತಿಗಳು. ಮನೆ, ಶಾಲೆ, ದೈವಸ್ಥಾನ, ಮಸೀದಿ, ತೆಂಗಿನ ತೋಟಗಳು ಈ ಕಿರಿದಾದ ಮರಳಿನ ಮೇಲೆ ನಿಂತಿವೆ. ಭೂವಿಜ್ಞಾನಿಗಳು ಮತ್ತು ಬಂದರು ಇಂಜಿನಿಯರುಗಳು ಇಂತಹ ತಾಣಗಳನ್ನು ಸಾಕಷ್ಟು ಅಭ್ಯಸಿಸಿದ್ದಾರೆ. ಆದರೆ ಅಲ್ಲಿನವರ ನುಡಿ ಈ ನೆಲವನ್ನು ಹೇಗೆ ಗ್ರಹಿಸಿದೆ ಎಂಬ ಪ್ರಶ್ನೆ ಕನ್ನಡ ಅಧ್ಯಯನದ ವ್ಯಾಪ್ತಿಗೆ ಸೇರಿದ್ದು. ಕಡಲು–ಹೊಳೆಗಳ ನಡುವಣ ನೆಲ ಸ್ಥಿರವಾದ ವಸ್ತುವಲ್ಲ, ಋತುಮಾನದೊಂದಿಗೆ ನಡೆಯುವ ಒಂದು ಚಲನೆ; ಅಲ್ಲಿನ ಹೆಸರು, ದುಡಿಮೆ, ಆಚರಣೆಗಳು ಈ ಚಲನೆಯನ್ನು ಅರಿತೇ ರೂಪುಗೊಂಡವು. ಆಧುನಿಕ ಆಡಳಿತ ಭಾಷೆ ಅದೇ ನೆಲವನ್ನು ಒಂದು ಗೆರೆಯಾಗಿ ನೋಡಿತು. ಈ ಎರಡು ಗ್ರಹಿಕೆಗಳ ಅಂತರವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೆಸರುಗಳ ಸಾಕ್ಷ್ಯ

ಒಳನಾಡಿನ ಕನ್ನಡದಲ್ಲಿ 'ಕೋಡಿ' ಎಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಹೋಗುವ ಜಾಗ. ಕರಾವಳಿಯ ಸ್ಥಳನಾಮಗಳಲ್ಲಿ ಅದೇ ಪದ ಕೊನೆ, ತುದಿ, ಮೂಲೆ ಎಂಬ ಅರ್ಥವನ್ನು ಉಳಿಸಿಕೊಂಡಿದೆ. ಕೋಡಿ ಕನ್ಯಾನ, ಕೋಡಿಬೆಂಗ್ರೆ, ಹೆಜಮಾಡಿ ಕೋಡಿ, ಕುಂದಾಪುರ ಕೋಡಿ ಇವೆಲ್ಲವೂ ನೆಲ ಮುಗಿದು ನೀರು ತೊಡಗುವ ತಾಣಗಳು. ಎರಡು ಅರ್ಥಗಳಿಗೂ ಸಮಾನವಾದ ಅಂಶವೊಂದಿದೆ: ನೆಲ ನೀರಿಗೆ ದಾರಿ ಬಿಟ್ಟುಕೊಡುವ ಅಂಚನ್ನು ಎರಡೂ ಸೂಚಿಸುತ್ತವೆ. 'ಬೆಂಗ್ರೆ' ಎಂಬುದು ಕಡಲಂಚಿನ ಮರಳು ನೆಲಕ್ಕೆ ಇರುವ ಹೆಸರು. ಹೊಳೆಯ ನಡುವಣ ನಡುಗಡ್ಡೆಗೆ 'ಕುದ್ರು' ಅಥವಾ 'ಕುದುರು' ಎಂಬ ಬೇರೆಯೇ ಪದವಿದೆ. ಮರಳು ನೆಲ ಯಾವ ನೀರಿನ ಯಾವ ಬದಿಗಿದೆ ಎಂಬುದರ ಮೇಲೆ ಹೆಸರು ಬದಲಾಗುವುದು ಗಮನಾರ್ಹ.

ದಿಕ್ಕುಗಳ ವಿಷಯದಲ್ಲಿಯೂ ಇಂಥದೇ ಖಚಿತತೆ ಕಾಣುತ್ತದೆ. ಪಡುತೋನ್ಸೆ ಮತ್ತು ಮೂಡುತೋನ್ಸೆಗಳ ಜೋಡಿಯಲ್ಲಿ ಪಡು–ಮೂಡು ಎಂಬ ಪೂರ್ವಪದಗಳು ಬರಿಯ ಪಶ್ಚಿಮ–ಪೂರ್ವಗಳನ್ನಷ್ಟೇ ಹೇಳುವುದಿಲ್ಲ. ಕಡಲ ಕಡೆಯದು ಯಾವುದು, ಒಳನಾಡಿನ ಕಡೆಯದು ಯಾವುದು ಎಂಬುದನ್ನು ಹೇಳುತ್ತವೆ. ಈ ಸಂದರ್ಭದಲ್ಲಿ 'ಪಡುಕರೆ' ಎಂಬ ಹೆಸರು ವಿಶೇಷ ಪರಿಶೀಲನೆಗೆ ಅರ್ಹವಾಗಿದೆ. ಬರವಣಿಗೆಯಲ್ಲಿ ಇದು 'ಪಡುಕೆರೆ' ಎಂದೂ 'ಪಡುಕರೆ' ಎಂದೂ ಎರಡು ಬಗೆಯಾಗಿ ಕಾಣಿಸಿಕೊಳ್ಳುತ್ತದೆ. ಮೊದಲ ರೂಪವನ್ನು ಓದಿದ ಒಳನಾಡಿನ ಓದುಗ ಅಲ್ಲೊಂದು ಕೆರೆಯನ್ನು ಕಲ್ಪಿಸಿಕೊಳ್ಳುವುದು ಸಹಜ. ಆದರೆ ಆ ಮರಳು ಪಟ್ಟಿಯ ಭೂಸ್ವರೂಪಕ್ಕೆ ಹೊಂದುವುದು ದಡ, ಅಂಚು ಎಂಬ ಅರ್ಥದ 'ಕರೆ'. ಸೀರೆಯ ಅಂಚನ್ನೂ ನೀರಿನ ದಡವನ್ನೂ ಹೇಳುತ್ತಿದ್ದ ಹಳೆಯ ಪದವೊಂದು, ಬರಹಕ್ಕೆ ಹೆಚ್ಚು ಪರಿಚಿತವಾದ 'ಕೆರೆ'ಯ ರೂಪದಲ್ಲಿ ಮರೆಯಾಗಿದೆ. ಒಂದು ಸ್ವರ ಬದಲಾದರೆ ಒಂದು ಭೂಲಕ್ಷಣವೇ ಅಳಿಸಿಹೋಗುವುದಕ್ಕೆ ಇದು ನಿದರ್ಶನ.

ಹೊಳೆ ಕಡಲನ್ನು ಕೂಡುವ ಜಾಗಕ್ಕೆ ಕನ್ನಡ, ತುಳುಗಳೆರಡರಲ್ಲೂ 'ಅಳಿವೆ' ಎಂಬ ಪದವಿದೆ. ಮಲಯಾಳದಲ್ಲಿ ಇದಕ್ಕೆ ಸಂವಾದಿಯಾದ 'ಅಳಿ' ಎಂಬ ರೂಪ ಅಲ್ಲಿನ ಕರಾವಳಿಯ ಊರ ಹೆಸರುಗಳಲ್ಲಿ ಉಳಿದಿದೆ. 'ಅಳಿವು' ಎಂಬ ನಾಶವಾಚಕದೊಂದಿಗೆ ಇದರ ಧ್ವನಿಸಾಮ್ಯ ಮನಸ್ಸನ್ನು ಸೆಳೆಯುವಂಥದು. ಆದರೆ ಸಾಮ್ಯವೊಂದರಿಂದಲೇ ನಿಷ್ಪತ್ತಿಯನ್ನು ಕಟ್ಟುವುದು ಶಾಸ್ತ್ರಸಮ್ಮತವಲ್ಲ. ಅದಕ್ಕಿಂತ ಮುಖ್ಯವಾದುದು ಬಳಕೆಯಲ್ಲಿರುವ 'ಅಳಿವೆಬಾಗಿಲು' ಎಂಬ ಸಮಾಸ. ಬಾಗಿಲು ತೆರೆಯುವಂಥದು, ಮುಚ್ಚುವಂಥದು. ಹೂಳು ತುಂಬಿ ಬಾಯಿ ಕಿರಿದಾಗುವುದು, ಮಳೆಗಾಲದ ನೆರೆ ಅದನ್ನು ಮತ್ತೆ ಅಗಲಗೊಳಿಸುವುದು, ದೋಣಿಗಳು ಸಮಯ ನೋಡಿ ಒಳಬರುವುದು ಈ ಎಲ್ಲ ಅನುಭವ ಆ ಒಂದು ಪದದಲ್ಲಿ ಅಡಕವಾಗಿದೆ. ನಕಾಶೆಯಲ್ಲಿ ಒಂದು ಬಿಂದುವಾಗಿ ಕಾಣುವ ನದೀಮುಖವನ್ನು ನುಡಿ ಒಂದು ಕ್ರಿಯೆಯಾಗಿ ಕಂಡಿದೆ.

ಮರಳಿನ ನಡೆ

ಈ ಗ್ರಹಿಕೆ ಕವಿಕಲ್ಪನೆಯಲ್ಲ, ಭೌತಿಕ ವಾಸ್ತವಕ್ಕೆ ನಿಕಟವಾದುದು. ಹೊಳೆಗಳು ಘಟ್ಟದಿಂದ ತರುವ ಮರಳನ್ನು ಕಡಲು ಅಳಿವೆಯ ಬಳಿ ಹಿಡಿದುಕೊಳ್ಳುತ್ತದೆ. ತೀರಕ್ಕೆ ಓರೆಯಾಗಿ ಬಡಿಯುವ ಅಲೆಗಳು ಅದನ್ನು ದಂಡೆಯುದ್ದಕ್ಕೂ ಸಾಗಿಸುತ್ತವೆ. ಗಾಳಿ ಮತ್ತು ಅಲೆಗಳ ದಿಕ್ಕು ಋತುವಿನೊಂದಿಗೆ ಬದಲಾಗುವುದರಿಂದ ಮರಳು ವರ್ಷದ ಕೆಲವು ತಿಂಗಳು ತೆಂಕಕ್ಕೂ ಕೆಲವು ತಿಂಗಳು ಬಡಗಕ್ಕೂ ಚಲಿಸುತ್ತದೆ. ಈ ಚಲನೆಯ ಉಳಿಕೆಯೇ ಮರಳಿನ ನಾಲಗೆಯಾಗಿ ಬೆಳೆದು ಹೊಳೆಯ ಬಾಯಿಗೆ ಅಡ್ಡ ಬರುತ್ತದೆ. ಹೊಳೆ ಅದನ್ನು ಸುತ್ತುವರಿದು ಹರಿಯುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮಾರುತದ ಕಾಲದಲ್ಲಿ ಕಡಿದಾದ ದೊಡ್ಡ ಅಲೆಗಳು ದಂಡೆಯ ಮರಳನ್ನು ಕಡಲೊಳಕ್ಕೆ ಎಳೆದೊಯ್ಯುತ್ತವೆ. ದಂಡೆ ಸವೆದು ಕಿರಿದಾಗುತ್ತದೆ. ಎಳೆದೊಯ್ದ ಮರಳು ತೀರದಿಂದ ತುಸು ದೂರದಲ್ಲಿ ನೀರಿನಡಿಯ ದಿಣ್ಣೆಯಾಗಿ ನಿಲ್ಲುತ್ತದೆ. ಆ ದಿಣ್ಣೆಯ ಮೇಲೆಯೇ ಮುಂದಿನ ಅಲೆಗಳು ಒಡೆದು ತಮ್ಮ ಬಲವನ್ನು ಕಳೆದುಕೊಳ್ಳುತ್ತವೆ. ಮಳೆಗಾಲ ಮುಗಿದ ಬಳಿಕ ನಿಧಾನವಾದ ಅಲೆಗಳು ಅದೇ ಮರಳನ್ನು ಮರಳಿ ದಂಡೆಗೆ ತರುತ್ತವೆ. ಆದುದರಿಂದ ಮಳೆಗಾಲದಲ್ಲಿ ದಂಡೆ ಸವೆಯುವುದೆಲ್ಲವೂ ನಷ್ಟವಲ್ಲ; ಅದರ ಒಂದು ಭಾಗ ಕಡಲಿಗೆ ಕೊಟ್ಟ ಕೈಗಡ. ಮರಳಿ ಬಾರದ ಭಾಗವಷ್ಟೇ ನಿಜವಾದ ಕಡಲ್ಕೊರೆತ. ಈ ಎರಡನ್ನೂ ಬೇರ್ಪಡಿಸಿ ನೋಡುವ ವಿವೇಕವೇ ಇಂತಹ ತಾಣದಲ್ಲಿ ಬದುಕುವ ಮೊದಲ ಅರ್ಹತೆ.

ದಂಡೆಯ ಮೇಲ್ಭಾಗದ ಮರಳನ್ನು ಹಿಡಿದಿಡುವ ಸಸ್ಯಗಳಿಗೂ ಜನ ಹೆಸರಿಟ್ಟಿದ್ದಾರೆ. ನೇರಳೆ ಹೂವಿನ ಅಡುಂಬು ಬಳ್ಳಿ, ಮುಳ್ಳುಮುಳ್ಳಾದ ರಾವಣನ ಮೀಸೆ ಇವು ಹಾರುವ ಮರಳನ್ನು ತಡೆದು ದಿಣ್ಣೆ ಕಟ್ಟುತ್ತವೆ. ಹೊಳೆಯ ಬದಿಯಲ್ಲಿ ಆ ಕೆಲಸವನ್ನು ಕಾಂಡ್ಲಾ ಗಿಡಗಳು ಮಾಡುತ್ತವೆ. ಒಂದೇ ಮರಳು ಪಟ್ಟಿಯ ಎರಡು ಬದಿಗಳನ್ನು ಎರಡು ಬಗೆಯ ಸಸ್ಯಗಳು ಕಾಯುತ್ತಿರುವುದರಿಂದ ಅದು ಎರಡು ಮುಖಗಳುಳ್ಳ ವಸತಿಯಾಗಿದೆ.

ಎರಡು ಉಪ್ಪುನೀರುಗಳ ನಡುವಿನ ಸಿಹಿನೀರು

ಪಡುವಕ್ಕೆ ಕಡಲು, ಮೂಡಕ್ಕೆ ಉಬ್ಬರವಿಳಿತಕ್ಕೆ ಒಳಪಟ್ಟ ಚೌಳು ಹೊಳೆ. ಆದರೂ ಇಲ್ಲಿನ ಬಾವಿಗಳಲ್ಲಿ ಕುಡಿಯುವ ನೀರು ದೊರೆಯುತ್ತ ಬಂದಿದೆ. ಇದರ ಹಿಂದಿನ ಕಾರಣ ಸರಳವಾದರೂ ಸೂಕ್ಷ್ಮವಾದುದು. ಸುರಿದ ಮಳೆನೀರು ಮರಳಿನಲ್ಲಿ ಇಂಗಿ, ತನಗಿಂತ ಭಾರವಾದ ಉಪ್ಪುನೀರಿನ ಮೇಲೆ ಮಸೂರದ ಆಕಾರದಲ್ಲಿ ತೇಲುತ್ತದೆ. ಕಡಲಮಟ್ಟಕ್ಕಿಂತ ಮೇಲೆ 1 ಮೀಟರು ಸಿಹಿನೀರು ನಿಂತರೆ ಕೆಳಗೆ ಸುಮಾರು 40 ಮೀಟರಿನವರೆಗೆ ಸಿಹಿನೀರು ಇರಬಹುದೆಂಬುದು ಜಲವಿಜ್ಞಾನದ ಪ್ರಸಿದ್ಧ ಸೂತ್ರ. ಆದರೆ ಕಿರಿದಾದ ಪಟ್ಟಿಯಲ್ಲಿ ನೀರು ಎರಡೂ ಬದಿಗೆ ಬಸಿದುಹೋಗುವುದರಿಂದ ಮೇಲಿನ ಮಟ್ಟ ಮೀಟರಿನ ಒಂದು ಸಣ್ಣ ಭಾಗದಷ್ಟೇ ಇರುತ್ತದೆ. ಸೂತ್ರದ ಇನ್ನೊಂದು ಮುಖವೂ ಇದೆ: ಮೇಲೆ ಒಂದು ಗೇಣು ಇಳಿದರೆ ಕೆಳಗಿನ ಉಪ್ಪು ಅದರ ನಾಲ್ವತ್ತು ಪಾಲು ಮೇಲೇರುತ್ತದೆ.

ಸಾಂಪ್ರದಾಯಿಕ ಬಾವಿಗಳು ಇಲ್ಲಿ ಆಳವಿಲ್ಲದವು ಎಂಬುದಕ್ಕೆ ಬಡತನವಾಗಲಿ ಮರಳು ಕುಸಿಯುವ ಭಯವಾಗಲಿ ಮಾತ್ರ ಕಾರಣವಲ್ಲ. ಕೊಡಪಾನದಿಂದ ಮೊಗೆದಷ್ಟೇ ನೀರು ತೆಗೆದರೆ ಸಿಹಿಪದರ ಕದಡುವುದಿಲ್ಲ. ಪಂಪು ಹಾಕಿ ಒಂದೇ ಕಡೆ ಎಳೆದಾಗ, ಆಳವಾಗಿ ಕೊಳವೆ ಇಳಿಸಿದಾಗ ಉಪ್ಪು ಮೇಲೆ ಬರುತ್ತದೆ. ಒಂದು ಮನೆಯ ಅತಿಬಳಕೆ ನೆರೆಮನೆಯ ಬಾವಿಯನ್ನು ಉಪ್ಪಾಗಿಸಬಲ್ಲದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಕರಾವಳಿಯಲ್ಲಿ ಏಪ್ರಿಲ್–ಮೇ ತಿಂಗಳುಗಳಲ್ಲಿ ಕುಡಿಯುವ ನೀರಿಗೆ ಪರದಾಡಬೇಕಾಗುವ ವೈಪರೀತ್ಯಕ್ಕೆ ಇದು ಮುಖ್ಯ ಕಾರಣಗಳಲ್ಲೊಂದು.

ದಂಡೆಯೆಂಬ ದುಡಿಮೆಯ ಅಂಗಳ

ಈ ವಸತಿಗಳಲ್ಲಿ ಮೊಗವೀರರು, ಖಾರ್ವಿಗಳು, ಬ್ಯಾರಿಗಳು ಪ್ರಮುಖರು. ತುಳು, ಕುಂದಗನ್ನಡ, ಕೊಂಕಣಿ, ಬ್ಯಾರಿ ಭಾಷೆಗಳು ಕೆಲವೇ ಮೈಲಿಗಳ ಅಂತರದಲ್ಲಿ ಕೇಳಿಬರುತ್ತವೆ. ಇಂದು ಕಿರಿದೂ ಅಂಚಿನದೂ ಆಗಿ ಕಾಣುವ ಈ ಪಟ್ಟಿಗಳಿಗೆ ಚರಿತ್ರೆಯಲ್ಲಿ ದೊಡ್ಡ ಪಾತ್ರವಿತ್ತು. ಬಾರಕೂರು, ಬಸರೂರುಗಳಂತಹ ಹಳೆಯ ಬಂದರು ಪಟ್ಟಣಗಳು ತೆರೆದ ಕಡಲಂಚಿನಲ್ಲಿ ಬೆಳೆಯಲಿಲ್ಲ. ಅಳಿವೆಯಿಂದ ಒಳಕ್ಕೆ, ಹೊಳೆಯ ದಡದಲ್ಲಿ ಬೆಳೆದವು. ಹೊರಗಿನ ಮರಳು ಪಟ್ಟಿ ಅಲೆಗಳನ್ನು ತಡೆದು ಒಳಗಿನ ಶಾಂತ ನೀರನ್ನು ಹಡಗುಗಳಿಗೆ ಒದಗಿಸಿತು.

ಕಡಲ ಬದಿಯ ಮರಳು ಮೀನುಗಾರರ ಪಾಲಿಗೆ ಕಾರ್ಯಕ್ಷೇತ್ರವಾಗಿತ್ತು. ಇದನ್ನು ಅರಿಯಲು ರಂಪಣಿಯನ್ನು ನೆನೆಯಬೇಕು. ದೋಣಿಯಲ್ಲಿ ಒಯ್ದು ಅರ್ಧವೃತ್ತಾಕಾರದಲ್ಲಿ ಬಿಟ್ಟ ಅತಿ ಉದ್ದದ ಬಲೆಯ ಎರಡೂ ತುದಿಗಳನ್ನು ದಂಡೆಯಿಂದ ಹತ್ತಾರು ಜನ ಕೂಡಿ ಎಳೆಯುವ ವಿಧಾನವದು. ಬಂಗುಡೆ, ಬೂತಾಯಿಗಳ ಹಿಂಡು ತೀರಕ್ಕೆ ಬಂದಾಗ ಇಡೀ ಕೇರಿ ಹಗ್ಗಕ್ಕೆ ಕೈಹಾಕುತ್ತಿತ್ತು. ಬಲೆ, ದೋಣಿ, ದುಡಿಮೆ ಇವುಗಳಿಗೆ ಗೊತ್ತಾದ ಪಾಲು ಸಲ್ಲುತ್ತಿತ್ತು. ಎಳೆಯಲು, ಬಲೆ ಒಣಗಿಸಲು, ದೋಣಿ ಏರಿಸಲು, ಮೀನು ಒಣಹಾಕಲು ಅಗಲವಾದ ದಂಡೆ ಅತ್ಯವಶ್ಯವಾಗಿತ್ತು. ಆದುದರಿಂದ ಮನೆಗಳು ಅಲೆಯಿಂದ ಹಿಂದಕ್ಕೆ, ದಂಡೆಯನ್ನು ಬಿಟ್ಟು ನಿಂತವು. ಹೊಳೆಯ ಬದಿಯಲ್ಲಿ ಇದಕ್ಕೆ ಪೂರಕವಾದ ಇನ್ನೊಂದು ದುಡಿಮೆ ನಡೆಯುತ್ತಿತ್ತು. ಇಳಿತದ ಹೊತ್ತಿನಲ್ಲಿ ಮರುವಾಯಿ ಹೆಕ್ಕುವುದು, ಚಿಪ್ಪು ಸುಟ್ಟು ಸುಣ್ಣ ಮಾಡುವುದು, ತೆಂಗಿನ ಸಿಪ್ಪೆಯನ್ನು ಚೌಳು ನೀರಿನಲ್ಲಿ ಕೊಳೆಯಿಸಿ ಕತ್ತದ ಹಗ್ಗ ಹೊಸೆಯುವುದು ಇದರಲ್ಲಿ ಸೇರಿದ್ದವು. ಮಳೆಗಾಲದಲ್ಲಿ ಕಡಲು ಮುಚ್ಚಿದಾಗ ಹೊಳೆ ಅನ್ನ ಕೊಡುತ್ತಿತ್ತು.

ಆಚರಣೆಯ ಪಂಚಾಂಗವೂ ಇದಕ್ಕೆ ಹೊಂದಿಕೊಂಡಿದೆ. ಆಟಿ ತಿಂಗಳು ಕೊರತೆಯ ಕಾಲ. ನೂಲ ಹುಣ್ಣಿಮೆಯ ಆಸುಪಾಸಿನಲ್ಲಿ ಸಮುದ್ರಕ್ಕೆ ಹಾಲು, ತೆಂಗಿನಕಾಯಿ ಅರ್ಪಿಸಿ ಹೊಸ ಋತುವನ್ನು ತೊಡಗಲಾಗುತ್ತದೆ. ಮೊಗವೀರರ ಪ್ರಮುಖ ದೈವವಾದ ಬೊಬ್ಬರ್ಯನ ಐತಿಹ್ಯ ಕಡಲ ವ್ಯಾಪಾರದೊಂದಿಗೂ ಮುಸ್ಲಿಂ ನಾವಿಕ ಪರಂಪರೆಯೊಂದಿಗೂ ಹೆಣೆದುಕೊಂಡಿರುವುದು, ಈ ಕಿರಿದಾದ ನೆಲದಲ್ಲಿ ಸಮುದಾಯಗಳು ಒಂದರ ನೆನಪನ್ನೊಂದು ಹೊತ್ತಿರುವುದಕ್ಕೆ ಸಾಕ್ಷಿ.

1970ರ ದಶಕದ ಮಧ್ಯಭಾಗದಲ್ಲಿ ಪರ್ಸೀನ್ ಬಲೆಗಳು ಬಂದ ಬಳಿಕ ಮೀನಿನ ಹಿಂಡುಗಳನ್ನು ತೀರಕ್ಕೆ ಬರುವ ಮೊದಲೇ ಕಡಲಿನಲ್ಲಿ ಹಿಡಿಯುವುದು ಸಾಧ್ಯವಾಯಿತು. ಕೆಲವೇ ವರ್ಷಗಳಲ್ಲಿ ರಂಪಣಿ ಹಿಂದೆ ಸರಿಯಿತು. ಸಣ್ಣ ಪ್ರಮಾಣದ ಕೈರಂಪಣಿಯಷ್ಟೇ ಉಳಿಯಿತು. ಮೀನುಗಾರಿಕೆ ದಂಡೆಯಿಂದ ಮಲ್ಪೆ, ಮಂಗಳೂರು, ಗಂಗೊಳ್ಳಿಗಳ ಬಂದರಿಗೆ ವರ್ಗಾವಣೆಯಾಯಿತು. ಇದರ ಆರ್ಥಿಕ ಪರಿಣಾಮಗಳ ಬಗೆಗೆ ಚರ್ಚೆ ನಡೆದಿದೆ. ಅದರೊಂದಿಗೇ ದಂಡೆಯ ಅರ್ಥವೂ ಬದಲಾಯಿತೆಂಬುದನ್ನು ಗಮನಿಸಬೇಕು. ದುಡಿಮೆಯ ಅಂಗಳವಾಗಿದ್ದ ಮರಳು ಖಾಲಿ ಜಾಗವಾಗಿ ಕಾಣತೊಡಗಿತು. ಖಾಲಿ ಜಾಗಕ್ಕೆ ರಸ್ತೆ, ಮನೆ, ವಿಹಾರಧಾಮಗಳು ಬಂದವು. ಕಡಲಿಗೆ ಮಳೆಗಾಲದಲ್ಲಿ ಕೈಗಡ ಕೊಡಬೇಕಾದ ಮರಳಿನ ಮೇಲೆಯೇ ಕಟ್ಟಡಗಳು ನಿಂತವು.

ಸಾಹಿತ್ಯದ ದಾಖಲೆ

ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಕಾದಂಬರಿಯ ಕಥೆ ಕೋಡಿ ಎಂಬ ಕಡಲಂಚಿನ ಊರಿನಲ್ಲಿ ನಡೆಯುವುದು ಆಕಸ್ಮಿಕವಲ್ಲ. ಕೋಟದಲ್ಲಿ ಹುಟ್ಟಿದ ಕಾರಂತರಿಗೆ ಆ ನೆಲ ಪರಿಚಿತವಾಗಿತ್ತು. ಮೂರು ತಲೆಮಾರುಗಳ ಈ ಕಥೆಯನ್ನು ವಿಮರ್ಶೆ ಹೆಚ್ಚಾಗಿ ಹಳ್ಳಿ–ಪಟ್ಟಣಗಳ ಸೆಳೆತ, ಹೆಣ್ಣಿನ ಸಹನೆ, ಆಧುನಿಕತೆಯ ಬಿಕ್ಕಟ್ಟು ಎಂಬ ನೆಲೆಗಳಿಂದ ಓದಿದೆ. ಆ ಓದುಗಳು ಸಾಧುವಾದವೇ. ಆದರೆ ಮೂರನೆಯ ತಲೆಮಾರಿನ ರಾಮ ಮರಳಿ ಬರುವುದು ಎಂಥ ಮಣ್ಣಿಗೆ ಎಂಬ ಪ್ರಶ್ನೆಯನ್ನೂ ಕೇಳಬಹುದು. ಕಡಲು ಮತ್ತು ಹೊಳೆಗಳ ನೆರೆಯಲ್ಲಿರುವ, ದುಡಿದಷ್ಟೇ ಉಳಿಯುವ ಮಣ್ಣು ಅದು. ಕಾದಂಬರಿಯ ಹೆಸರಿನ 'ಮರಳಿ' ಎಂಬ ಮಾತಿಗೆ, ಹೋದ ಮರಳು ಹಿಂದಿರುಗುವ ಆ ತೀರದಲ್ಲಿ ಒಂದು ಭೌತಿಕ ಹಿನ್ನೆಲೆಯೂ ಒದಗುತ್ತದೆ.

ಗೆರೆ ಮತ್ತು ಗೋಡೆ

ಆಡಳಿತ ಈ ನೆಲವನ್ನು ಅಳೆಯತೊಡಗಿದಾಗ ಅದಕ್ಕೆ ಒಂದು ಸ್ಥಿರವಾದ ಗೆರೆ ಬೇಕಾಯಿತು. 1986ರ ಪರಿಸರ ಸಂರಕ್ಷಣಾ ಕಾಯಿದೆಯಡಿ 1991ರಲ್ಲಿ ಹೊರಟ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಉಬ್ಬರದ ಗೆರೆಯಿಂದ 500 ಮೀಟರುಗಳ ಪ್ರದೇಶವನ್ನು ನಿಯಂತ್ರಣಕ್ಕೆ ತಂದಿತು. ಗ್ರಾಮೀಣ ತೀರಗಳಲ್ಲಿ ಮೊದಲ 200 ಮೀಟರುಗಳಲ್ಲಿ ಹೊಸ ನಿರ್ಮಾಣವನ್ನು ನಿರ್ಬಂಧಿಸಿತು. ಒಳನಾಡಿಗೆ ಹಬ್ಬಿದ ಊರಿಗೆ ಈ ಅಳತೆ ಅರ್ಥಪೂರ್ಣ. ಒಟ್ಟು ಅಗಲವೇ ಇನ್ನೂರು ಮೀಟರು ಇಲ್ಲದ ಬೆಂಗ್ರೆಗೆ ಅದನ್ನು ಅನ್ವಯಿಸಿದರೆ ಕಡಲಿನಿಂದ ಅಳೆದ ವಲಯ ಹೊಳೆಯನ್ನು ತಲಪುತ್ತದೆ, ಹೊಳೆಯಿಂದ ಅಳೆದ ವಲಯ ಅದನ್ನು ಎದುರುಗೊಳ್ಳುತ್ತದೆ. 2011ರ ಅಧಿಸೂಚನೆ ಸಾಂಪ್ರದಾಯಿಕ ಕರಾವಳಿ ಸಮುದಾಯಗಳ ವಸತಿಗೆ ಕೆಲವು ರಿಯಾಯಿತಿಗಳನ್ನು ನೀಡಿತು. 2019ರ ಅಧಿಸೂಚನೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನಸಾಂದ್ರತೆಯುಳ್ಳ ಗ್ರಾಮೀಣ ಪ್ರದೇಶಗಳಲ್ಲಿ 200 ಮೀಟರಿನ ನಿರ್ಬಂಧವನ್ನು 50 ಮೀಟರಿಗೆ ಇಳಿಸಿತು. ಮೀನುಗಾರ ಕುಟುಂಬಗಳಿಗೆ ಇದರಿಂದ ಅನುಕೂಲವಾಯಿತು. ಅದೇ ದಾರಿಯಿಂದ ಅಲೆಗೆ ಹತ್ತಿರವಾಗಿ ಕಟ್ಟುವ ಅವಕಾಶವೂ ತೆರೆಯಿತು.

ಗೆರೆಯನ್ನು ಉಳಿಸಿಕೊಳ್ಳಲು ಗೋಡೆ ಬಂದಿತು. ಕಪ್ಪು ಬಂಡೆಗಳ ತಡೆಗೋಡೆ ಇಂದು ಕರಾವಳಿಯ ಹಲವೆಡೆ ಸಾಮಾನ್ಯ ನೋಟ. ಮನೆ ಉರುಳುವ ಭಯದಲ್ಲಿರುವವರಿಗೆ ಅದು ತಕ್ಷಣದ ಆಸರೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಗೋಡೆಗೆ ಬಡಿದ ಅಲೆ ಹಿಂದಕ್ಕೆ ಚಿಮ್ಮಿ ಗೋಡೆಯ ಬುಡದ ಮರಳನ್ನು ಕೆದಕುತ್ತದೆ. ಗೋಡೆ ಮುಗಿಯುವಲ್ಲಿ ಕೊರೆತ ಹೆಚ್ಚುತ್ತದೆ. ಅಲ್ಲಿಗೆ ಮತ್ತೊಂದು ಗೋಡೆ ಬೇಕಾಗುತ್ತದೆ. ದಂಡೆ ಕಳೆದುಹೋದಲ್ಲಿ ಕೈರಂಪಣಿಗೂ ದೋಣಿಗೂ ಎಡೆಯಿಲ್ಲ. ನೇತ್ರಾವತಿ–ಗುರುಪುರ ಅಳಿವೆಯಲ್ಲಿ 1990ರ ದಶಕದಲ್ಲಿ ಅಲೆತಡೆಗಳನ್ನು ಕಟ್ಟಲಾಯಿತು. ಅನಂತರದ ವರ್ಷಗಳಲ್ಲಿ ತೆಂಕಣ ಉಳ್ಳಾಲ ತೀರದ ಕೊರೆತ ತೀವ್ರಗೊಂಡು, 2010ರ ದಶಕದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಕಡಲೊಳಗೆ ದಿಬ್ಬಗಳನ್ನು ನಿರ್ಮಿಸಬೇಕಾಯಿತು. ಬಾಗಿಲಿಗೆ ಕಟ್ಟಿದ ಚೌಕಟ್ಟು ಪಕ್ಕದ ಗೋಡೆಯನ್ನು ದುರ್ಬಲಗೊಳಿಸಿದಂತಾಯಿತು.

ಈ ನಡುವೆ ಮರಳಿನ ಆಯವ್ಯಯವೇ ಬದಲಾಗುತ್ತಿದೆ. ಹೊಳೆಗಳಲ್ಲಿ ಮರಳು ತೆಗೆಯುವುದರಿಂದ, ಅಣೆಕಟ್ಟುಗಳಿಂದ ಅಳಿವೆಗೆ ಬರುವ ಮರಳು ಕಡಿಮೆಯಾಗುತ್ತದೆ. 2006–2018ರ ಅವಧಿಯಲ್ಲಿ ಜಾಗತಿಕ ಕಡಲಮಟ್ಟ ವರ್ಷಕ್ಕೆ ಸರಾಸರಿ 3.7 ಮಿಲಿಮೀಟರಿನಂತೆ ಏರಿದೆಯೆಂದು ಹವಾಮಾನ ಬದಲಾವಣೆಯ ಅಂತರಸರಕಾರಿ ಮಂಡಳಿ 2021ರ ವರದಿಯಲ್ಲಿ ತಿಳಿಸಿದೆ. ಅದೇ ವರ್ಷದ ಮೇ ತಿಂಗಳ ತೌಕ್ತೆ ಚಂಡಮಾರುತ, ಮಳೆಗಾಲಕ್ಕೆ ಮೊದಲೇ, ಕರಾವಳಿಯ ರಸ್ತೆ–ಮನೆಗಳಿಗೆ ಹಾನಿ ಮಾಡಿತು. ಹೋದ ಮರಳು ಹಿಂದಿರುಗುತ್ತದೆ ಎಂಬ ಹಳೆಯ ಭರವಸೆ ಎಲ್ಲೆಡೆ ನಿಲ್ಲುವ ಸ್ಥಿತಿ ಈಗಿಲ್ಲ.

ಸಮಾರೋಪ

ಹಳೆಯ ನುಡಿಗೆ ಹಿಂದಿರುಗಿದರೆ ಕಡಲ್ಕೊರೆತ ನಿಲ್ಲುತ್ತದೆಂದು ಭಾವಿಸುವುದು ಮುಗ್ಧತೆಯಾದೀತು. ಜನರ ಸಂಖ್ಯೆ, ದುಡಿಮೆಯ ಸ್ವರೂಪ, ಕಡಲಿನ ಮಟ್ಟ ಮೂರೂ ಬದಲಾಗಿವೆ. ಆದರೆ ಯಾವ ದಂಡೆ ಯಾವ ತಿಂಗಳಲ್ಲಿ ಎಷ್ಟು ಸವೆಯುತ್ತಿತ್ತು, ಎಷ್ಟು ಮರಳಿ ಬರುತ್ತಿತ್ತು, ಅಳಿವೆಬಾಗಿಲು ಹಿಂದೆ ಎಲ್ಲಿತ್ತು, ಯಾವ ಬಾವಿ ಯಾವಾಗ ಉಪ್ಪಾಯಿತು ಎಂಬ ವಿವರಗಳು ಅಳತೆಯ ದಾಖಲೆಗಳಿಲ್ಲದ ಕಾಲದ ಮಟ್ಟಿಗೆ ಹಿರಿಯರ ಮಾತಿನಲ್ಲಿ, ಸ್ಥಳನಾಮಗಳಲ್ಲಿ, ವೃತ್ತಿಪದಗಳಲ್ಲಿ ಮಾತ್ರ ಉಳಿದಿವೆ. ರಂಪಣಿ ಎಳೆದ ತಲೆಮಾರು ಇಂದು ಇಳಿವಯಸ್ಸಿನಲ್ಲಿದೆ.

ಈ ದಿಸೆಯಲ್ಲಿ ಕನ್ನಡ ವಿಭಾಗಗಳು ಮಾಡಬಹುದಾದ ಕೆಲಸ ಸ್ಪಷ್ಟವಾಗಿದೆ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ 1988–1997ರ ನಡುವೆ ಆರು ಸಂಪುಟಗಳಲ್ಲಿ ಬಂದ ತುಳು ನಿಘಂಟು, ಆಡುನುಡಿಯ ಪದಗಳನ್ನು ಪ್ರದೇಶ–ಸಮುದಾಯಗಳ ಭೇದದೊಂದಿಗೆ ದಾಖಲಿಸುವುದು ಸಾಧ್ಯವೆಂದು ತೋರಿಸಿಕೊಟ್ಟಿದೆ. ಕಡಲು–ಹೊಳೆಗಳ ನಡುವಣ ಊರುಗಳ ಪದಸಂಗ್ರಹದಲ್ಲಿ ಅರ್ಥದೊಂದಿಗೆ ತಾಣ, ತಿಂಗಳು, ನೀರಿನ ಮಟ್ಟಗಳೂ ದಾಖಲಾಗಬೇಕು. ಹಾಗಾದಾಗ ಅದು ಭಾಷಾಶಾಸ್ತ್ರಕ್ಕೂ ಕರಾವಳಿಯ ಯೋಜನೆಗೂ ಸಮಾನವಾಗಿ ಒದಗುತ್ತದೆ. ಊರ ಫಲಕದ ಮೇಲೆ 'ಪಡುಕೆರೆ' ಎಂದಿರುವುದನ್ನು 'ಪಡುಕರೆ' ಎಂದು ತಿದ್ದುವುದು ಕಾಗುಣಿತದ ಸಣ್ಣ ಕೆಲಸ. ಆ ತಿದ್ದುಪಡಿಯ ಹಿಂದೆ, ತಾವು ನಿಂತಿರುವುದು ದಡದ ಮೇಲೆ ಎಂಬ ಅರಿವು ಇದೆ.